ಅತ್ತೆ ವರ್ಷಕ್ಕೊಂದೇ ಸಲ ಬೈಯುತ್ತಾಳೆ

ಕ್ಯಾಂಪಿಗೆ ಸೇರಿದ ಹೊಸದರಲ್ಲಿ, ನೀರುಗಂಟಿ ಒನೋಫ್ರೆ ಕಿಲೋದ್ರಾನನ ಸ್ವೆಟರು ಬಿಚ್ಚಿಹೋಗುತ್ತಿದೆ ಎಂದು ತಿಳಿದು ನಾನು ಅವನಿಗೆ ಉಪಕಾರ ಮಾಡಲು ಹೋಗಿದ್ದೆ. ರೇಡಿಯೊ ಮುಂದೆ ಕೂರುವುದು, ಉಗ್ರಾಣದ ಬೀಗ ಕಾಯುವುದು, ಇಷ್ಟಕ್ಕೆ ವಿದ್ಯುತ್ ಕಂಪನಿ ನನಗೆ ಸಂಬಳ ಕೊಡುತ್ತಿತ್ತು. ಹಿಮದ ಮೇಲೆ ನಡೆಯುವುದು ಅದರಲ್ಲಿ ಸೇರಿರಲಿಲ್ಲ. ಆದರೂ ಒಂದು ದಿನ ಕಾಲುವೆಯ ಮೇಲ್ತುದಿಯ ತೂಬಿನ ಮನೆಯ ರೇಡಿಯೊ ಕೆಟ್ಟಿತೆಂದು ಅವನ ಹಿಂದೆ ಹೊರಟೆ. ಕೊರಕಲು ದಾಟುವಾಗ ನೋಡುತ್ತೇನೆ, ಅವನ ಸೊಂಟದಿಂದ ಕೆಂಪು ಉಣ್ಣೆಯ ದಾರವೊಂದು ಮಾರುಗಟ್ಟಲೆ ಉದ್ದಕ್ಕೆ ಹಿಮದ ಮೇಲೆ ಎಳೆದುಕೊಂಡು ಬರುತ್ತಿದೆ. ಪಾಪ, ಮುದುಕನಿಗೆ ಗೊತ್ತಾಗಿಲ್ಲ, ಮನೆ ಮುಟ್ಟುವ ಹೊತ್ತಿಗೆ ಮೈಮೇಲೆ ಕಾಲರೊಂದೇ ಉಳಿಯುತ್ತದೆ ಅಂದುಕೊಂಡೆ. ದಾರದ ತುದಿ ಹಿಡಿದು, ನಮ್ಮಜ್ಜಿಯ ಹಾಗೆ ಉಂಡೆ ಸುತ್ತುತ್ತ ಸುತ್ತುತ್ತ ಹತ್ತಿರವಾದೆ. ಕೊರಕಲಿನ ನಟ್ಟನಡುವೆ ಅವನ ಬೆನ್ನಿಗೆ ನನ್ನ ಮೂಗು ತಾಗುವಷ್ಟು ಹತ್ತಿರ ಹೋಗಿ, "ದೊನ್ ಒನೋಫ್ರೆ, ನಿಮ್ಮ ಸ್ವೆಟರು" ಎಂದು ಉಂಡೆಯನ್ನು ಕೈಗಿತ್ತೆ.

ಅವನು ಉಂಡೆ ನೋಡಿದ, ನನ್ನ ಮುಖ ನೋಡಿದ, ಆಮೇಲೆ ತಲೆಯೆತ್ತಿ ಮೇಲಿನ ಇಳಿಜಾರನ್ನು ನೋಡಿದ.

"ಈಗ ಹಿಮ ಇಳಿದ್ರೆ ನಾನೂ ಹೂತುಹೋಗ್ತೀನಿ, ನೀನೂ ಹೂತುಹೋಗ್ತೀಯ, ಉಂಡೇನೂ ಹೂತುಹೋಗುತ್ತೆ," ಅಂದ ಮೆಲ್ಲಗೆ. "ಹುಡುಕೋಕೆ ಬಂದೋರು ಏನು ಹಿಡ್ಕೊಂಡು ಅಗೀಬೇಕಪ್ಪ?"

ಹಿಮ ಮನುಷ್ಯನನ್ನು ನುಂಗಿದರೂ ಹಗುರವಾದ ಉಣ್ಣೆಯ ದಾರ ಎಲ್ಲೋ ಒಂದು ಕಡೆ ಮೇಲೆ ಉಳಿಯುತ್ತದೆ. ಅದನ್ನು ಹಿಡಿದು ಹೋದರೆ ಮನುಷ್ಯ ಸಿಗುತ್ತಾನೆ. ದಾಟುವಾಗ ಒಬ್ಬೊಬ್ಬರೇ ದಾಟಬೇಕು. ಇವೆರಡನ್ನೂ ನಾನು ಅವತ್ತು ಕಲಿತೆ. ಕ್ಯಾಂಪಿನವರು ನನ್ನನ್ನು "ಅಜ್ಜಿ" ಎಂದು ಕರೆಯಲು ಕಲಿತರು. ಹೇಳಬೇಕಾದ ಕಥೆ ಮಾತ್ರ ಒನೋಫ್ರೆಯದು.

ಒನೋಫ್ರೆ ಮದುವೆಯಾಗಿರಲಿಲ್ಲ, ಆದರೆ ಅವನಿಗೊಬ್ಬ ಅತ್ತೆಯಿದ್ದಳು. ಕ್ಯಾಂಪಿಗೂ ತೂಬಿನ ಮನೆಗೂ ನಡುವೆ, ಬೆಟ್ಟದ ನೆತ್ತಿಯಿಂದ ಹೊಳೆಯವರೆಗೆ ಸೀಳಿಕೊಂಡು ಬಂದ ಆ ಕೊರಕಲಿನ ಹೆಸರೇ ಲಾ ಸ್ವೇಗ್ರಾ, ಅಂದರೆ ಅತ್ತೆ. ಚಳಿಗಾಲದಲ್ಲಿ ಬಿಸಿಲು ಅತ್ತ ತಲೆ ಹಾಕುತ್ತಿರಲಿಲ್ಲ. ಒನೋಫ್ರೆಯ ಅಪ್ಪ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಗಡಿಯಾಚೆಗೆ ಹೋಗಿಬರುತ್ತಿದ್ದವನು. ಮಗನಿಗೆ ಅವನು ಬಿಟ್ಟುಹೋದದ್ದು ಮಾತೆ ಎಂಬ ಸೊಪ್ಪಿನ ಕಷಾಯ ಕುಡಿಯುವ ಒಂದು ಬುರುಡೆ, ಒಂದು ಕಂಬಳಿ, ಒಂದು ಗಾದೆ. ಅತ್ತೆ ವರ್ಷಕ್ಕೊಂದೇ ಸಲ ಬೈಯುತ್ತಾಳೆ, ಬೈದಾದ ಮೇಲೆ ಬಾಗಿಲು ತೆಗೆದಿಟ್ಟು ಮಲಗುತ್ತಾಳೆ. ಚಳಿಗಾಲದಲ್ಲಿ ಕೊರಕಲು ಒಮ್ಮೆ ಹಿಮ ಇಳಿಸಿತೆಂದರೆ ಆ ವರ್ಷಕ್ಕೆ ಅದರ ಕೋಪ ತೀರಿತು, ಮತ್ತೆ ಭಯವಿಲ್ಲ ಎಂದರ್ಥ.

ಒನೋಫ್ರೆ ಈ ಗಾದೆಯನ್ನು ಬಂದವರಿಗೆಲ್ಲ ಕಲಿಸಿದ. ಅದಕ್ಕೊಂದು ಶಾಸ್ತ್ರವೂ ಹುಟ್ಟಿಕೊಂಡಿತು. ಅತ್ತೆ ಇಳಿದ ದಿನ ಅಡುಗೆಯವಳು ಮೆಲಾನಿಯ, ಕುಂಬಳಕಾಯಿ ಕಲಸಿದ ಹಿಟ್ಟಿನ ಸೊಪೈಪಿಯ ಕರಿಯುತ್ತಿದ್ದಳು. ಮೊದಲನೆಯದನ್ನು ಒನೋಫ್ರೆ ಕೊರಕಲಿನ ಅಂಚಿಗೆ ಒಯ್ದು ಹಿಮದ ಮೇಲಿಟ್ಟು ಬರುತ್ತಿದ್ದ. ಉಳಿದವನ್ನು ನಾವು ಸಾರಾಯಿಯ ಜೊತೆ ಮುಗಿಸುತ್ತಿದ್ದೆವು. ಆಮೇಲೆ ಎಲ್ಲರೂ ತಂತಮ್ಮ ಕೆಂಪು ದಾರವನ್ನು ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದರು. ಮುಂದಿನ ಚಳಿಗಾಲದವರೆಗೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಮೆಲಾನಿಯಳ ಗಂಡ ಸಾಂದಾಲಿಯೊ ರೆತಮಾಲ್. ಕಂಪನಿಯ ಕಾಲುವೆಗೆ ಅವನೂ ಒನೋಫ್ರೆಯೂ ಇಬ್ಬರೇ ನೀರುಗಂಟಿಗಳು. ಒಬ್ಬನು ಮೇಲೆ ತೂಬಿನ ಮನೆಯಲ್ಲಿದ್ದುಕೊಂಡು ಕಂಬಿಗಳಿಗೆ ಕಟ್ಟಿದ ಮಂಜುಗಡ್ಡೆ ಒಡೆಯಬೇಕು, ಇನ್ನೊಬ್ಬನು ಕೆಳಗೆ ಕಾಲುವೆ ಕಾಯಬೇಕು, ಆಮೇಲೆ ಅದಲುಬದಲು. ಆ ದಂಪತಿಯ ಮಗಳನ್ನು ಇಗರ್ಜಿಯಲ್ಲಿ ಜ್ಞಾನಸ್ನಾನದ ದಿನ ದೇವರ ಮುಂದೆ ಎತ್ತಿ ಹಿಡಿದವನು ಒನೋಫ್ರೆ. ಅಂದಿನಿಂದ ಗಂಡಸರಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ಮೆಲಾನಿಯಳಿಗೂ ಇವನು ಕೊಂಪಾದ್ರೆ, ಇವನಿಗೆ ಅವಳು ಕೋಮಾದ್ರೆ. ನಮ್ಮಲ್ಲಿ ಈ ನಂಟು ಒಡಹುಟ್ಟಿದವರ ನಂಟಿಗಿಂತ ಒಂದು ಕೈ ಮೇಲು. ಒಡಹುಟ್ಟಿದವರು ಜಗಳವಾಡಿ ಮಾತು ಬಿಡಬಹುದು, ಕೊಂಪಾದ್ರೆ ಬಿಡುವ ಹಾಗಿಲ್ಲ.

ಆ ವರ್ಷ ಅತ್ತೆ, ನಮ್ಮಲ್ಲಿ ಚಳಿಗಾಲ ಶುರುವಾಗುವ ಜೂನಿನಲ್ಲಿ, ಸಾನ್ ಹುವಾನ್ ಹಬ್ಬದ ಹೊತ್ತಿಗೇ ಇಳಿದಳು. ಸೊಪೈಪಿಯ ಆಯಿತು, ದಾರಗಳು ಮೊಳೆ ಸೇರಿದವು. ಆಮೇಲೆ ವಾರಗಟ್ಟಲೆ ಒಂದು ಚೂರು ಮೋಡವಿಲ್ಲ. ಮೂಗಿನೊಳಗೆ ಉಸಿರು ಹರಳುಗಟ್ಟುವಂಥ ಒಣ ಚಳಿ. ಆಗಸ್ಟಿನಲ್ಲಿ ಪಡುವಣದಿಂದ ಹಿಮ ಹೊತ್ತು ಬೀಸುವ ಬಿಳಿಗಾಳಿ ಎದ್ದಿತು. ಎದ್ದದ್ದು ದಿನಗಟ್ಟಲೆ ನಿಲ್ಲಲಿಲ್ಲ. ಅಡುಗೆಮನೆಯಿಂದ ಉಗ್ರಾಣಕ್ಕೆ ಹೋಗಲು ನಾನು ಹಗ್ಗ ಹಿಡಿದುಕೊಳ್ಳಬೇಕಾಯಿತು. ಹಗ್ಗ ಹಿಡಿದೂ ಒಮ್ಮೆ ಕಕ್ಕಸಿಗೆ ಹೋಗಿ ಸೇರಿದೆ.

ಮೇಲೆ ತೂಬಿನ ಮನೆಯ ಪಾಳಿಯಲ್ಲಿದ್ದ ಸಾಂದಾಲಿಯೊಗೆ ಹೊಟ್ಟೆನೋವು ಶುರುವಾದದ್ದು ಆ ಗಾಳಿಯಲ್ಲೇ. ಮೊದಲ ದಿನ ರೇಡಿಯೊದಲ್ಲಿ ಅವನು ಹೆಂಡತಿಯ ಹುರುಳಿಕಾಯನ್ನು ದೂರಿದ. ಮರುದಿನ ನೋವು ಬಲಗಡೆಗೆ ಇಳಿದಿದೆ, ಕಾಲು ಚಾಚಲು ಆಗುತ್ತಿಲ್ಲ ಅಂದ. ಕೆಳಗಿನ ಊರಿನ ಡಾಕ್ಟರು ರೇಡಿಯೊದಲ್ಲೇ ಕೇಳಿ, ಇದು ಕೊಯ್ಯಬೇಕಾದ ಹೊಟ್ಟೆ, ಇಳಿಸಿಕೊಂಡು ಬನ್ನಿ ಎಂದರು. ಹೆಲಿಕಾಪ್ಟರಿನವರು ನೆತ್ತಿಯ ಮೇಲೆ ಗಾಳಿ ನಿಲ್ಲುವವರೆಗೆ ಬರುವುದಿಲ್ಲ ಎಂದರು. ಕಂಪನಿಯ ಇಂಜಿನಿಯರು, ಅಲ್ಲಿನ ಹಿಮ ಬಲ್ಲವರು ನೀವು, ನೀವು ಹೇಳಿದ ಹಾಗೆಯೇ ಆಗಲಿ ದೊನ್ ಒನೋಫ್ರೆ ಎಂದು ಬಹಳ ಮರ್ಯಾದೆಯಿಂದ ಹೊರೆಯನ್ನು ಇವನ ತಲೆ ಮೇಲಿಟ್ಟು ರೇಡಿಯೊ ಆರಿಸಿದರು.

ಮರುದಿನ ಬೆಳಿಗ್ಗೆ ಕಣಿವೆಯಲ್ಲಿ ಗಾಳಿ ಬಿದ್ದು ನೀಲಿ ಆಕಾಶ ಕಂಡಿತು. ನೆತ್ತಿಯ ಮೇಲೆ ಮಾತ್ರ ಹಿಮದ ಹೊಗೆ ಇನ್ನೂ ಪೂರ್ವಕ್ಕೆ ಹಾರುತ್ತಿತ್ತು. ಮೆಕ್ಯಾನಿಕ್ ಲಿಂದೋರ್ ಜಾರುಬಂಡಿ ಹೊರಗೆಳೆದ. ಬಂಡಿಗೆ ನಾಲ್ಕು ಜನ ಬೇಕು, ನಾಲ್ಕು ಜನ ಸಿದ್ಧರಾದರು. ನಾನೂ ಸಿದ್ಧನಾದೆ. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಗ ಒನೋಫ್ರೆ ಅಡುಗೆಮನೆಯ ಮೊಳೆಯಿಂದ ತನ್ನ ಕೆಂಪು ದಾರ ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಅತ್ತೆ ಇಳಿದ ಮೇಲೆ ಆ ಮೊಳೆಗೆ ಯಾರೂ ಕೈಹಾಕಿದ್ದಿಲ್ಲ. ನೋಡಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿ ಅವನು ಲಿಂದೋರನನ್ನು ಕರೆದುಕೊಂಡು ಹೊರಟ.

ಕೊರಕಲಿಗೆ ಮುಂಚೆ ಒಂದು ಸಮತಟ್ಟು ಬಯಲು. ಅದರ ಮಧ್ಯೆ ಅವರಿಬ್ಬರ ಕಾಲ ಕೆಳಗೆ ಹಿಮ "ಹೂಂ" ಎಂದಿತು. ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸಿದ ಹಾಗೆ ಇಡೀ ಬಯಲು ಒಂದು ಬೆರಳಷ್ಟು ಕೆಳಗಿಳಿಯಿತು. ಕೂದಲೆಳೆಯಂಥ ಬಿರುಕೊಂದು ಅವರ ಕಾಲಿನಿಂದ ಹೊರಟು ಕೊರಕಲಿನತ್ತ ಓಡಿತು.

"ಹಿಮ ಕೂತ್ಕೊಳ್ತಾ ಇದೆ," ಅಂದ ಲಿಂದೋರ್. "ಕೂತ್ರೆ ಒಳ್ಳೇದಲ್ವಾ ದೊನ್ ಒನೋಫ್ರೆ?"

"ಮಂಚ ಮುರಿದು ನೀನು ಕೆಳಗೆ ಕೂತ್ರೆ ಒಳ್ಳೇದು ಅಂತೀಯೇನೋ?"

ಕೊರಕಲಿನ ಅಂಚಿನಲ್ಲಿ ಒನೋಫ್ರೆ ಸಲಿಕೆಯಿಂದ ಗುಂಡಿ ತೋಡಿದ. ಮೇಲಿನ ಪದರ ಗಾಳಿ ಬಡಿದು ಬಡಿದು ಹಲಗೆಯ ಹಾಗಾಗಿತ್ತು, ಸಲಿಕೆ ಟಣ್ ಎನ್ನುತ್ತಿತ್ತು. ಅದರ ಕೆಳಗೆ ಕೈಯಿಟ್ಟರೆ ಹಿಮ ಸಕ್ಕರೆಯಂತೆ ಸುರಿದು ಹೊರಬಂತು. ಮುಷ್ಟಿ ಕಟ್ಟಿದರೂ ಅಂಟಲಿಲ್ಲ. ಅವನು ಪಕ್ಕಕ್ಕೆ, ಜೂನಿನಲ್ಲಿ ಇಳಿಯದೆ ಉಳಿದಿದ್ದ ದಿಣ್ಣೆಗೆ ಹೋಗಿ ಅಲ್ಲೂ ತೋಡಿದ. ಅಲ್ಲಿ ಹಿಮ ದಪ್ಪವಾಗಿ, ಒಂದಕ್ಕೊಂದು ಕಚ್ಚಿಕೊಂಡು, ಗಟ್ಟಿಯಾಗಿತ್ತು.

ಗುಂಡಿಯ ಮುಂದೆ ಮಂಡಿಯೂರಿ ಅವನು ಬಹಳ ಹೊತ್ತು ಕೂತಿದ್ದನಂತೆ. ಅತ್ತೆ ಬೈದು ಖಾಲಿಯಾಗಿದ್ದಕ್ಕೇ ಹೀಗಾಗಿತ್ತು. ಇಳಿದ ಜಾಗದಲ್ಲಿ ಉಳಿದದ್ದು ತೆಳ್ಳನೆ ಹಿಮ, ಆ ತೆಳ್ಳನೆ ಹಿಮವನ್ನು ವಾರಗಟ್ಟಲೆಯ ಚಳಿ ಸಕ್ಕರೆ ಮಾಡಿತ್ತು, ಆ ಸಕ್ಕರೆಯ ಮೇಲೆ ಬಿಳಿಗಾಳಿ ಬೆಟ್ಟದ ಹಿಂದಿನ ಹಿಮವನ್ನೆಲ್ಲ ತಂದು ಹಲಗೆ ಹೊದಿಸಿತ್ತು. ಕೆಳಗಿನ ಸಕ್ಕರೆ ಕದಲಿದರೆ ಹಲಗೆ ಇಡಿಯಾಗಿ ಜಾರುತ್ತದೆ. ಅಪ್ಪನ ಗಾದೆ ತಪ್ಪು ಎನ್ನುವುದಷ್ಟೇ ಅಲ್ಲ, ತಲೆಕೆಳಗು. ಇಷ್ಟು ವರ್ಷ ಅದನ್ನು ನಂಬಿ ದಾಟಿದವರು ಬದುಕಿದ್ದು ಅದೃಷ್ಟದಿಂದ. ಅವರಿಗೆಲ್ಲ ಅದನ್ನು ಕಲಿಸಿದವನು ತಾನು.

ಅಡುಗೆಮನೆಗೆ ಬಂದು ಅವನು ಇವತ್ತು ಆಗುವುದಿಲ್ಲ ಅಂದ. ನಾಳೆಯೂ ಹೇಳಲಾರೆ ಅಂದ. ಹೋಗುವಾಗ ಒಬ್ಬೊಬ್ಬರೇ ದಾಟಬಹುದು, ಬರುವಾಗ ಮನುಷ್ಯನನ್ನು ಹೊತ್ತ ಬಂಡಿಯನ್ನು ಒಬ್ಬೊಬ್ಬರೇ ಎಳೆಯಲು ಬರುವುದಿಲ್ಲ. ನಾಲ್ಕು ಜನ, ಒಂದು ಬಂಡಿ, ಅದರ ಮೇಲೊಬ್ಬ, ಇಷ್ಟು ಭಾರ ನಟ್ಟನಡುವೆ ಒಟ್ಟಿಗೆ ನಿಲ್ಲಬೇಕು. ಹಲಗೆ ತಡೆಯುತ್ತದೋ ಇಲ್ಲವೋ ಹೇಳಲು ಯಾರಿಂದಲೂ ಆಗದು.

ಲಿಂದೋರ್ ಕೇಳುವವನಲ್ಲ. ಈ ವರ್ಷದ್ದು ಆಯಿತಲ್ಲ, ಸೊಪೈಪಿಯ ತಿಂದೆವಲ್ಲ, ಅತ್ತೆ ವರ್ಷಕ್ಕೊಂದೇ ಸಲ ಬೈಯುವುದು ಎಂದು ನಮಗೆ ಹೇಳಿಕೊಟ್ಟವರು ಯಾರು ಎಂದು ಸವಾಲು ಹಾಕಿದ. ಮೆಲಾನಿಯ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ತಿರುಗದೆಯೇ ಕೇಳಿದಳು.

"ಹೌದಲ್ವಾ ಕೊಂಪಾದ್ರೆ? ನೀನೇ ಅಲ್ವಾ ಹೇಳಿದ್ದು?"

"ನಾನೇ ಹೇಳಿದ್ದು. ತಪ್ಪು ಹೇಳಿದ್ದೆ."

"ಇಷ್ಟು ವರ್ಷ ಸರಿಯಿದ್ದಿದ್ದು ನನ್ನ ಗಂಡನ ಪಾಳಿಗೆ ತಪ್ಪಾಯ್ತಾ?"

ಒನೋಫ್ರೆ ಹೊರಗೆ ಹೋಗಿ ಜಾರುಬಂಡಿಯನ್ನು ಉಗ್ರಾಣದೊಳಗೆ ಎಳೆದ, ನನ್ನಿಂದ ಬೀಗ ಹಾಕಿಸಿದ, ಕೀಲಿಕೈಯನ್ನು ತನ್ನ ಜೇಬಿಗೆ ಹಾಕಿಕೊಂಡ. ಬೀಗ ಕಾಯುವುದು ನನ್ನ ಕೆಲಸವೆಂದು ಮೊದಲೇ ಹೇಳಿದೆ. ಕೀಲಿಕೈ ಬೇರೆಯವರ ಜೇಬಿಗೆ ಹೋದದ್ದು ಅವತ್ತೊಂದೇ ದಿನ.

ಸಂಜೆ ಒನೋಫ್ರೆ ರೇಡಿಯೊ ಮುಂದೆ ಬಂದು ಕೂತ. ಅವನು ಮಾತಾಡುವಾಗ ರೇಡಿಯೊದ ಗುಂಡಿ ಒತ್ತಲು ನಾನು ಪಕ್ಕದಲ್ಲಿದ್ದೆ. ಮೆಲಾನಿಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಅತ್ತೆ ಹೇಗಿದ್ದಾಳೆ ಕೊಂಪಾದ್ರೆ?" ಸಾಂದಾಲಿಯೊನ ದನಿ ಬಾವಿಯಿಂದ ಬಂದ ಹಾಗಿತ್ತು.

"ಮುಖ ಊದಿಸ್ಕೊಂಡು ಕೂತಿದ್ದಾಳೆ."

"ಮತ್ತೆ ಮುನಿಸ್ಕೊಂಡ್ಲಾ? ಈ ವರ್ಷದ್ದು ಆಗಿತ್ತಲ್ಲ."

"ಆಗಿತ್ತು. ನಂಬೋ ಹಾಗಿಲ್ಲ."

ಆಮೇಲೆ ಸಾಂದಾಲಿಯೊ ತಮಾಷೆಯನ್ನೆಲ್ಲ ಬಿಟ್ಟು, "ಬನ್ನಿ ಮಾರಾಯ, ಯಾರಾದ್ರೂ ಬನ್ನಿ" ಅಂದ. ಮತ್ತೆ ಅದನ್ನೇ ಅಂದ. ಮೆಲಾನಿಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳು ತೆಗೆದರೆ ಆ ದನಿ ನಿಲ್ಲುತ್ತದೆ ಎಂಬ ಭ್ರಮೆಯಲ್ಲಿ ನಾನು ಗುಂಡಿಯ ಮೇಲಿಟ್ಟಿದ್ದ ಬೆರಳು ತೆಗೆದೆ. ಗುಂಡಿ ಇದ್ದದ್ದು ನಾವು ಮಾತಾಡುವುದಕ್ಕೆ, ಅವನ ಮಾತು ನಿಲ್ಲಿಸುವುದಕ್ಕಲ್ಲ.

ಬೆಳಕು ಹರಿಯುವ ಹೊತ್ತಿಗೆ, ಹಿಮ ಅತ್ಯಂತ ಗಡುಸಾಗಿರುವಾಗ, ಒನೋಫ್ರೆ ಔಷಧಿ ಡಬ್ಬದಲ್ಲಿದ್ದ ಮಾತ್ರೆಗಳನ್ನೆಲ್ಲ ಜೇಬಿಗೆ ತುಂಬಿಕೊಂಡು, ಕಾಲು ಹೂತುಹೋಗದಂತೆ ಕಟ್ಟುವ ಅಗಲ ಬಲೆಚಪ್ಪಲಿ ಬಿಗಿಯುತ್ತಿದ್ದ. ಮೆಲಾನಿಯ ಒಂದು ಬಟ್ಟೆಗಂಟು ತಂದುಕೊಟ್ಟಳು. ಅದರಲ್ಲಿ ರೊಟ್ಟಿ, ಮಾತೆ ಸೊಪ್ಪು, ಗಂಡನ ಒಣಗಿದ ಅಂಗಿ.

"ಬಂಡಿ ಇಲ್ಲ, ಜನ ಇಲ್ಲ," ಅಂದಳು. "ನೀನು ಅವನನ್ನ ಕರ್ಕೊಂಡು ಬರೋಕೆ ಹೋಗ್ತಿಲ್ಲ. ಪಕ್ಕದಲ್ಲಿ ಕೂತ್ಕೊಳ್ಳೋಕೆ ಹೋಗ್ತಿದೀಯ."

"ಹೌದು ಕೋಮಾದ್ರೆ."

"ಹಾಗಾದ್ರೆ ನಾನು ಹೋಗಬೇಕಿತ್ತು."

ಅವಳು ತನ್ನ ಹೆಜ್ಜೆಯ ಮೇಲೇ ಬಂದುಬಿಟ್ಟಾಳೆಂದು ಅವನು ಲಿಂದೋರನನ್ನು ಕಾವಲಿಟ್ಟು ಹೋದ. ನಾವು ಬಯಲಿನ ಈಚೆಯಿಂದ ನೋಡಿದೆವು. ಅಷ್ಟು ದೊಡ್ಡ ಬಿಳುಪಿನಲ್ಲಿ ಒಂದು ಇರುವೆ, ಇರುವೆಯ ಹಿಂದೆ ಒಂದು ಕೆಂಪು ಎಳೆ. ನಡುವೆ ಅವನು ಒಮ್ಮೆ ನಿಂತ. ಕಾಲ ಕೆಳಗೆ ಏನೋ ಸಣ್ಣಗೆ ಮುಲುಗಿದ್ದು ಅವನಿಗೆ ಕೇಳಿಸಿತ್ತು. ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಅವನು ಉಸಿರು ಬಿಗಿಹಿಡಿದು ಮುಂದಕ್ಕೇ ನಡೆದ. ಎಳೆ ಆಚೆ ದಡದ ಬಂಡೆಯ ಹಿಂದೆ ಸರಿದು ಮರೆಯಾಯಿತು. ಅತ್ತೆ ಅಲುಗಲಿಲ್ಲ.

"ನೋಡಿದ್ಯಾ ಅಜ್ಜಿ?" ಅಂದ ಲಿಂದೋರ್, ನನ್ನ ಕಡೆ ತಿರುಗದೆ. "ಏನಾಯ್ತು? ಏನೂ ಆಗ್ಲಿಲ್ಲ."

ತೂಬಿನ ಮನೆಯಲ್ಲಿ ಒಲೆ ಆರಿತ್ತು. ಸಾಂದಾಲಿಯೊ ಮಂಡಿಯನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಬಿದ್ದಿದ್ದ. ಹಿಂದಿನ ರಾತ್ರಿ ನೋವು ಇದ್ದಕ್ಕಿದ್ದಂತೆ ಕಡಿಮೆಯಾಯಿತು, ವಾಸಿಯಾಯಿತೆಂದುಕೊಂಡೆ, ಆಮೇಲೆ ಹೊಟ್ಟೆಯೆಲ್ಲ ಹಲಗೆಯಾಯಿತು ಎಂದು ಹೇಳಿದ. ಹಲಗೆ ಎಂಬ ಮಾತು ಕೇಳಿ ಒನೋಫ್ರೆ ಮುಖ ತಿರುಗಿಸಿದ. ಮಾತ್ರೆ ಕೊಟ್ಟ, ಒಲೆ ಹಚ್ಚಿದ, ಒಣ ಅಂಗಿ ತೊಡಿಸಿದ. ಮಧ್ಯಾಹ್ನದ ಹೊತ್ತಿಗೆ ಸುಮ್ಮನೆ ಕೂರುವುದು ಅವನಿಂದ ಆಗಲಿಲ್ಲ. ಮಾಡಿನಿಂದ ಒಂದು ತಗಡು ಕಿತ್ತು, ಅದರ ಮೇಲೆ ಕಂಬಳಿ ಹಾಸಿ, ಕೊಂಪಾದ್ರೆಯನ್ನು ಬಿಗಿದು ಕಟ್ಟಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಒಬ್ಬನೇ ಎಳೆಯತೊಡಗಿದ. ಹಾದಿ ಏರುವಲ್ಲಿ ತಗಡು ಒಂದು ಮಾರು ಬಂದರೆ ಎರಡು ಮಾರು ಹಿಂದೆ ಜಾರುತ್ತಿತ್ತು. ಪ್ರತಿ ಸಲ ಜಾರಿದಾಗಲೂ ಸಾಂದಾಲಿಯೊ ಚೀರುತ್ತಿದ್ದ. ಕೊನೆಗೆ, "ಬಿಡೋ, ನನ್ನ ಮನೇಲಾದ್ರೂ ಸಾಯ್ತೀನಿ" ಅಂದ. ಮನೆಯೆಂದರೆ ಆ ತೂಬಿನ ಕೋಣೆ. ಒನೋಫ್ರೆ ಹಗ್ಗವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಕೊಂಪಾದ್ರೆಯನ್ನು ವಾಪಸು ಎಳೆದುಕೊಂಡು ಹೋದ.

ಆ ಇರುಳು ಸಾಂದಾಲಿಯೊ ಯಾವುದೋ ಹೇಸರಗತ್ತೆಯನ್ನು ಹೆಸರು ಹಿಡಿದು ಕರೆಯುತ್ತಿದ್ದ. ಮರುದಿನ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕರೆಯುವುದು ನಿಂತಿತು. ಒನೋಫ್ರೆ ರೇಡಿಯೊದಲ್ಲಿ ನನಗೆ, "ಅವಳಿಗೆ ನೀನು ಹೇಳಬೇಡ, ಅವಳನ್ನೇ ಕರಿ" ಅಂದ. ಕರೆದೆ. ನಾನು ಹೊರಗೆ ಹೋಗಿ ನಿಂತೆ. ಅಳು ಕೇಳಿಸಲಿಲ್ಲ. ಒಲೆಯ ಮೇಲೆ ಏನೋ ಸೀಯುವ ವಾಸನೆ ಮಾತ್ರ ಬಂತು.

ಅದೇ ಸಂಜೆ ನೆತ್ತಿಯ ಗಾಳಿ ನಿಂತು ಹೆಲಿಕಾಪ್ಟರು ಬಂತು. ಹೆಣವನ್ನು ಒಯ್ದಿತು. ಒನೋಫ್ರೆ ಅದನ್ನು ಹತ್ತಲಿಲ್ಲ. ದಾರ ಎಳೆದುಕೊಂಡು ಮತ್ತೆ ಅತ್ತೆಯನ್ನು ದಾಟಿ ನಡೆದೇ ಬಂದ. ಅವಳು ಆಗಲೂ ಅಲುಗಲಿಲ್ಲ.

ಅತ್ತೆ ಆ ವರ್ಷ ಮತ್ತೆ ಇಳಿಯಲೇ ಇಲ್ಲ. ಸೆಪ್ಟೆಂಬರಿನಲ್ಲಿ ಬೆವರಿದಳು, ಅಕ್ಟೋಬರಿನಲ್ಲಿ ತೊಟ್ಟಿಕ್ಕಿದಳು, ಸದ್ದಿಲ್ಲದೆ ನೀರಾಗಿ ಹೊಳೆ ಸೇರಿದಳು. ಪ್ರತಿದಿನ ಬೆಳಿಗ್ಗೆ ಒನೋಫ್ರೆ ಅಂಗಳಕ್ಕೆ ಬಂದು ಅತ್ತ ನೋಡುತ್ತಿದ್ದ. ಒಂದೇ ಒಂದು ಸಲ, ಯಾರೂ ಇಲ್ಲದಾಗ, ಅದು ಗುಡುಗಿಕೊಂಡು ಇಳಿದಿದ್ದರೆ ಅವನ ತಲೆಯ ಭಾರ ಇಳಿಯುತ್ತಿತ್ತು. ಅವನು ಅದಕ್ಕಾಗಿ ಹರಕೆ ಹೊತ್ತಿದ್ದನೋ ಏನೋ. ನಾನಂತೂ ಹೊತ್ತಿದ್ದೆ. ಅಡುಗೆಮನೆಯ ಮೊಳೆಯನ್ನು ಅವನು ಇಕ್ಕಳದಿಂದ ಕಿತ್ತ. ದಾರಗಳನ್ನು ಪ್ರತಿಯೊಬ್ಬರ ಮಂಚದ ಮೇಲೆ ಇಟ್ಟ. ಲಿಂದೋರ್ ತನ್ನದನ್ನು ಒಲೆಗೆ ಹಾಕಿದ.

ಮೆಲಾನಿಯ ಕೆಲಸ ಬಿಡಲಿಲ್ಲ. ಮಗಳು ಊರಲ್ಲಿ ಓದುತ್ತಿದ್ದಳು. ಒನೋಫ್ರೆಯ ತಟ್ಟೆಗೆ ಎಲ್ಲರಷ್ಟೇ ಬಡಿಸುತ್ತಿದ್ದಳು, ಎಲ್ಲರಷ್ಟೇ ಬಿಸಿಯಾಗಿ. ಮಾತು ಮಾತ್ರ ಬಡಿಸುತ್ತಿರಲಿಲ್ಲ. ಕೊಂಪಾದ್ರೆಯ ಜೊತೆ ಮಾತು ಬಿಟ್ಟವರನ್ನು ನಮ್ಮ ಕಣಿವೆ ಅದುವರೆಗೆ ಕಂಡಿರಲಿಲ್ಲ.

ಬೇಸಗೆ ಬಂದು ಕಾಲುವೆಯ ಹಾದಿ ಒಣಗಿದಾಗ, ಅವಳು ಗಂಡನ ಹೆಸರಿನಲ್ಲಿ ತಗಡಿನದೊಂದು ಪುಟ್ಟ ಗುಡಿ ಮಾಡಿಸಿದಳು. ಸತ್ತ ಜಾಗದಲ್ಲೇ ಅದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಜೀವ ಅಲ್ಲಲ್ಲೇ ಸುತ್ತುತ್ತದೆ. ಗುಡಿ ಅವಳ ತಲೆಯ ಮೇಲೆ, ಸಿಮೆಂಟಿನ ಚೀಲ ಯಾರೂ ಹೇಳದೆ ಒನೋಫ್ರೆಯ ಬೆನ್ನ ಮೇಲೆ, ನೀಲಿ ಬಣ್ಣದ ಡಬ್ಬಿ ನನ್ನ ಕೈಯಲ್ಲಿ. ಅಭ್ಯಾಸಬಲದಿಂದ ನಾನು ಇಬ್ಬರಿಗಿಂತ ಬಹಳ ಹಿಂದೆಯೇ ನಡೆಯುತ್ತಿದ್ದೆ.

ಕೊರಕಲು ಬಂತು. ನಾಲ್ಕು ಕಲ್ಲು, ಮಗುವೂ ಹಾರಿ ದಾಟಬಹುದಾದ ಒಂದು ನೀರಿನ ಎಳೆ, ದಡದಲ್ಲಿ ಹಳದಿ ಹೂವು. ಮೆಲಾನಿಯ ನಟ್ಟನಡುವೆ ನಿಂತು ಗುಡಿಯನ್ನು ಕೆಳಗಿಟ್ಟಳು. ತಲೆಯೆತ್ತಿ ಮೇಲೆ ನೋಡಿದಳು. ಆಗಸ್ಟಿನಿಂದ ಆಡದೆ ಉಳಿದ ಮಾತನ್ನು ಅಲ್ಲಿಯೇ ಆಡಿದಳು.

"ಇದು ಇಳೀಲೇ ಇಲ್ಲ ಕೊಂಪಾದ್ರೆ. ನೀನು ಹೋದೆ, ಇಳೀಲಿಲ್ಲ. ಬಂದೆ, ಇಳೀಲಿಲ್ಲ. ಅವತ್ತು ಬೀಗ ಹಾಕದೆ ಹುಡುಗರನ್ನ ಬಿಟ್ಟಿದ್ರೆ ನನ್ನ ಸಾಂದಾಲಿಯೊ ಬದುಕಿರ್ತಿದ್ನಾ?"

ಒನೋಫ್ರೆ ಚೀಲವನ್ನು ಬೆನ್ನಿನಿಂದ ಇಳಿಸಲಿಲ್ಲ.

"ಬದುಕಿರ್ತಿದ್ದ," ಅಂದ. "ನಾಳೆ ಅದೇ ಹಿಮ ಬಿದ್ರೂ ಹುಡುಗರನ್ನ ಬಿಡಲ್ಲ ನಾನು."